ಬೌ ಕಳೆದುಕೊಂಡ ಕಜ್ಜಾಯ

ಬನ್ನಿ, ಬನ್ನಿ, ಹತ್ತಿರ ಬನ್ನಿ. ಕಾಲಿದ್ದವರು ಕಾಲು ಮಡಚಿ. ಬಾಲ ಇದ್ದವರು ಬಾಲ ಮಡಚಿ. ಹೇಳ್ತೀನಿ ಕೇಳಿ.

ಒಂದು ಊರು. ಊರಲ್ಲಿ ಒಬ್ಬ ಅಜ್ಜಿ. ಅವಳ ಹೆಸರು ಚೌಡಜ್ಜಿ. ಚೌಡಜ್ಜಿಗೆ ಒಂದು ನಾಯಿಮರಿ. ಮರಿಯ ಬಣ್ಣ ಕಂದು. ಮರಿಯ ಹೊಟ್ಟೆ ಗುಂಡಗೆ. ಅದಕ್ಕೇ ಅದರ ಹೆಸರು ಕಜ್ಜಾಯ.

ಅಜ್ಜಿ ಅದನ್ನು ಮರಿ ಅನ್ನುತ್ತಿರಲಿಲ್ಲ. ಕೂಸು ಅನ್ನುತ್ತಿದ್ದಳು. ಸೊಂಟದ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತುತ್ತಿದ್ದಳು. ಕಣ್ಣಲ್ಲಿ ಕಣ್ಣಿಟ್ಟು ಸಾಕುತ್ತಿದ್ದಳು. ಕೂಸಿಗೆ ಏನು ಊಟ? ಬೆಳಿಗ್ಗೆ ರಾಗಿ ಸರಿ. ಮಧ್ಯಾಹ್ನ ರಾಗಿ ಸರಿ. ಸಂಜೆ ರಾಗಿ ಸರಿ.

"ನನ್ನ ಆರು ಮಕ್ಕಳೂ ಸರಿ ಕುಡಿದೇ ಬೆಳೆದವು. ಇದೂ ಬೆಳೀತದೆ" ಅನ್ನುತ್ತಿದ್ದಳು ಅಜ್ಜಿ.

ಬೆಳೆಯಿತು! ಕಾಲು ಉದ್ದ ಆಯಿತು. ಕಿವಿ ಉದ್ದ ಆಯಿತು. ಬಾಲವೂ ಉದ್ದ ಆಯಿತು. ಊಟ ಮಾತ್ರ ಅದೇ. ರಾಗಿ ಸರಿ, ರಾಗಿ ಸರಿ, ರಾಗಿ ಸರಿ. ಗುಂಡಗಿದ್ದ ಹೊಟ್ಟೆ ಒಳಕ್ಕೆ ಹೋಯಿತು.

ಒಂದು ದಿನ ಬಾಗಿಲಿಗೆ ಒಂದು ಕಾಗೆ ಬಂತು. ಕಜ್ಜಾಯ ಬೊಗಳೋಣ ಅಂತ ಬಾಯಿ ತೆಗೆಯಿತು.

"ಪುಸ್."

ಇನ್ನೊಂದು ಸಲ ಬಾಯಿ ತೆಗೆಯಿತು.

"ಪುಸ್."

ಬೌ ಇಲ್ಲ! ಕಜ್ಜಾಯದ ಬೌ ಕಳೆದುಹೋಗಿತ್ತು.

ಅಜ್ಜಿ ಒಲೆಯ ಹಿಂದೆ ಹುಡುಕಿದಳು. ಬೌ ಇಲ್ಲ. ಮಂಚದ ಕೆಳಗೆ ಹುಡುಕಿದಳು. ಬೌ ಇಲ್ಲ. ಒರಳಿನ ಒಳಗೆ ಬಗ್ಗಿ ನೋಡಿದಳು. ಅಲ್ಲೂ ಇಲ್ಲ. ಕಜ್ಜಾಯ ಮೂಲೆಯಲ್ಲಿ ಮಲಗಿಬಿಟ್ಟಿತು. ರಾಗಿ ಸರಿ ಮುಟ್ಟಲಿಲ್ಲ. ಅಜ್ಜಿಗೆ ಅಳು ಬಂತು. ಅವಳೂ ಉಣ್ಣಲಿಲ್ಲ.

ಆ ಬೀದಿಯಲ್ಲಿ ಒಂದು ಮುದಿ ನಾಯಿ ಇತ್ತು. ಅದರ ಹೆಸರು ಕೆಂಚಿ. ಹತ್ತು ಮರಿ ಸಾಕಿದ ಕೆಂಚಿ. ಅಜ್ಜಿ ಕಜ್ಜಾಯವನ್ನು ಎತ್ತಿಕೊಂಡು ಕೆಂಚಿಯ ಹತ್ತಿರ ಹೋದಳು.

"ಕೆಂಚೀ, ಕೆಂಚೀ, ನನ್ನ ಕೂಸಿನ ಬೌ ಕಳೆದೋಗೈತೆ."

ಕೆಂಚಿ ಮರಿಯ ಬಾಯಿ ನೋಡಿತು. "ಹಲ್ಲು ನೋಡು ಚೌಡಜ್ಜಿ! ಹಾಲುಹಲ್ಲು ಉದುರಿ ಹೊಸ ಹಲ್ಲು ಬಂದವೆ. ಇಷ್ಟುದ್ದ ಹಲ್ಲಿಗೆ ಸರಿ ಯಾಕೆ? ಮಾಂಸ ತಿಂದ್ರೆ ಬೌ ತಾನೇ ಬರ್ತದೆ. ಬಾಡು ಕೊಡು. ಬೇಯಿಸಬೇಡ. ಉಪ್ಪು ಹಾಕಬೇಡ. ಖಾರ ಹಾಕಬೇಡ. ಹಸೀ ಬಾಡು ಕೊಡು. ಇವತ್ತು ಒಂದು ತುಂಡು. ನಾಳೆ ಎರಡು. ನಾಡಿದ್ದು ಮೂರು. ಒಂದೇ ಸಲ ಸುರೀಬೇಡ, ಹೊಟ್ಟೆ ಕೆಡ್ತದೆ."

"ಹಸೀ ಬಾಡಾ? ನನ್ನ ಕೂಸಿಗಾ?"

"ನಿನ್ನ ಕೂಸಿಗಲ್ಲ. ನಿನ್ನ ನಾಯಿಗೆ" ಅಂದಿತು ಕೆಂಚಿ.

ಅಜ್ಜಿ ಕಜ್ಜಾಯವನ್ನು ಸೊಂಟದ ಮೇಲೆ ಕೂರಿಸಿಕೊಂಡಳು. ಅದರ ಕಾಲು ನೇತಾಡಿದವು. ಸರ ಸರ ನಡೆದಳು. ಬಾಡಿನ ಅಂಗಡಿಗೆ ಹೋದಳು. ಅಂಗಡಿಯಲ್ಲಿ ಇಮಾಮಣ್ಣ ಕೂತಿದ್ದ.

"ಇಮಾಮಣ್ಣ, ಇಮಾಮಣ್ಣ, ಬಾಡು ಕೊಡು.
ಬಾಡು ಕೂಸಿಗೆ.
ಕೂಸಿನ ಬೌ ಕಳೆದೋಗೈತೆ!"

ಕಜ್ಜಾಯ ಬಾಯಿ ತೆಗೆಯಿತು. "ಪುಸ್."

ಇಮಾಮಣ್ಣ ಅಂದ, "ಕೊಡ್ತೀನಿ ಅವ್ವಾ. ಆದ್ರೆ ನನ್ನ ಕತ್ತಿ ಮೊಂಡಾಗಿದೆ. ಮೊಂಡು ಕತ್ತೀಲಿ ಸಣ್ಣ ತುಂಡು ಆಗಲ್ಲ. ದೊಡ್ಡ ತುಂಡು ಮರಿ ಗಂಟಲಿಗೆ ಸಿಕ್ಕಿಕೊಳ್ತದೆ. ಮೊದಲು ಕತ್ತಿಗೆ ಸಾಣೆ ಹಿಡಿಸಿಕೊಂಡು ಬಾ."

ಅಜ್ಜಿ ಕತ್ತಿ ಹಿಡಿದಳು. ಸರ ಸರ ನಡೆದಳು. ಹಿಟ್ಟಿನ ಮಿಲ್ಲಿನ ಮುಂದೆ ಸಾಣೆ ಹಿಡಿಯುವ ಗಂಗಣ್ಣ ಕೂತಿದ್ದ.

"ಗಂಗಣ್ಣ, ಗಂಗಣ್ಣ, ಸಾಣೆ ಹಿಡಿ.
ಸಾಣೆ ಕತ್ತಿಗೆ.
ಕತ್ತಿ ಬಾಡಿಗೆ.
ಬಾಡು ಕೂಸಿಗೆ.
ಕೂಸಿನ ಬೌ ಕಳೆದೋಗೈತೆ!"

"ಪುಸ್" ಅಂದಿತು ಕಜ್ಜಾಯ.

ಗಂಗಣ್ಣ ನಕ್ಕ. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನೀನು ಹೆರದೇ ಇಷ್ಟು ಮುದ್ದು ಮಾಡ್ತೀಯಲ್ಲ ಅಜ್ಜಿ!" ಆಮೇಲೆ ಅಂದ, "ಸಾಣೆ ಹಿಡೀತೀನಿ. ಆದ್ರೆ ಚಕ್ರದ ಪಟ್ಟಿ ಹರಿದೈತೆ. ಪಟ್ಟಿ ಇಲ್ಲದೆ ಸಾಣೆಕಲ್ಲು ತಿರುಗಲ್ಲ. ಪಟ್ಟಿ ಹೊಲಿಸಿಕೊಂಡು ಬಾ."

ಅಜ್ಜಿ ಪಟ್ಟಿ ಹಿಡಿದಳು. ಸರ ಸರ ನಡೆದಳು. ಕೆರೆ ದಾರಿಯಲ್ಲಿ ಚಪ್ಪಲಿ ಹೊಲಿಯುವ ಮರಿಯಕ್ಕ ಕೂತಿದ್ದಳು.

"ಮರಿಯಕ್ಕ, ಮರಿಯಕ್ಕ, ಪಟ್ಟಿ ಹೊಲಿ.
ಪಟ್ಟಿ ಸಾಣೆಗೆ.
ಸಾಣೆ ಕತ್ತಿಗೆ.
ಕತ್ತಿ ಬಾಡಿಗೆ.
ಬಾಡು ಕೂಸಿಗೆ.
ಕೂಸಿನ ಬೌ ಕಳೆದೋಗೈತೆ!"

"ಪುಸ್" ಅಂದಿತು ಕಜ್ಜಾಯ.

ಮರಿಯಕ್ಕ ಅದರ ತಲೆ ಸವರಿದಳು. "ಅಯ್ಯೋ, ನನ್ನ ಬಂಗಾರ! ಹೊಲೀತೀನಿ ಅವ್ವಾ. ಆದ್ರೆ ದಾರಕ್ಕೆ ಸವರೋ ಮೇಣ ಮುಗಿದೋಗೈತೆ. ಮೇಣ ಇಲ್ಲದ ದಾರ ಒಂದು ಎಳೆತಕ್ಕೆ ಪಟ್ ಅಂತ ಹರೀತದೆ. ಜೇನುಮೇಣ ತಂದುಕೊಡು."

ಅಜ್ಜಿ ಸರ ಸರ ನಡೆದಳು. ಕಾಲು ನೋಯುತ್ತಿತ್ತು. ಸೊಂಟವೂ ನೋಯುತ್ತಿತ್ತು. ಕಜ್ಜಾಯವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಹಾಕಿಕೊಂಡಳು. ಕೆಳಗೆ ಮಾತ್ರ ಇಳಿಸಲಿಲ್ಲ. ಹುಣಸೆ ಮರದ ಹತ್ತಿರ ಹೋದಳು. ಮರದ ಮೇಲೆ ಜೇನುಹುಳ ಇದ್ದವು.

"ಜೇನವ್ವ, ಜೇನವ್ವ, ಮೇಣ ಕೊಡಿ.
ಮೇಣ ದಾರಕ್ಕೆ.
ದಾರ ಪಟ್ಟಿಗೆ.
ಪಟ್ಟಿ ಸಾಣೆಗೆ.
ಸಾಣೆ ಕತ್ತಿಗೆ.
ಕತ್ತಿ ಬಾಡಿಗೆ.
ಬಾಡು ಕೂಸಿಗೆ.
ಕೂಸಿನ ಬೌ ಕಳೆದೋಗೈತೆ!"

"ಪುಸ್" ಅಂದಿತು ಕಜ್ಜಾಯ.

"ಝುಂ ಝುಂ, ಹಳೇ ಗೂಡಿನ ಮೇಣ ಐತೆ, ಕೊಡ್ತೀವಿ" ಅಂದವು ಜೇನುಹುಳ. "ಆದ್ರೆ ನಮಗೇ ಊಟ ಇಲ್ಲ. ಹುಚ್ಚೆಳ್ಳಿನ ಹೊಲದಾಗೆ ಎಮ್ಮೆ ಬಿದ್ದುಕೊಂಡೈತೆ. ಹೂವೆಲ್ಲ ಮೇಯ್ತಾ ಐತೆ. ಎಮ್ಮೆ ಎಬ್ಬಿಸಿ ಬಾ."

ಅಜ್ಜಿ ಹೊಲಕ್ಕೆ ಹೋದಳು. ಹೊಲದ ತುಂಬ ಹಳದಿ ಹೂವು. ಹೂವಿನ ನಡುವೆ ಕರೀ ಎಮ್ಮೆ. ಮಲಗಿಕೊಂಡೇ ಮೇಯುತ್ತಿತ್ತು. ಎಂಥ ಸೋಮಾರಿ ನೋಡಿ!

"ಎಮ್ಮಕ್ಕ, ಎಮ್ಮಕ್ಕ, ಮೇಲೇಳು.
ನೀನೆದ್ದರೆ ಹೂವು ಜೇನಿಗೆ.
ಜೇನಿನ ಮೇಣ ದಾರಕ್ಕೆ.
ದಾರ ಪಟ್ಟಿಗೆ.
ಪಟ್ಟಿ ಸಾಣೆಗೆ.
ಸಾಣೆ ಕತ್ತಿಗೆ.
ಕತ್ತಿ ಬಾಡಿಗೆ.
ಬಾಡು ಕೂಸಿಗೆ.
ಕೂಸಿನ ಬೌ ಕಳೆದೋಗೈತೆ!"

ಎಮ್ಮೆ ಕಿವಿ ಅಲ್ಲಾಡಿಸಲಿಲ್ಲ. ಎಮ್ಮೆ ಮೇಲೆ ಮಳೆ ಸುರಿದ ಹಾಗಾಯಿತು. ಅಜ್ಜಿ ಬೇಡಿಕೊಂಡಳು. ಏಳಲಿಲ್ಲ. ಅಜ್ಜಿ ಬೈದಳು. ಏಳಲಿಲ್ಲ. ಬಾಲ ಹಿಡಿದು ಎಳೆದಳು. ಊಹೂಂ.

ಕೊನೆಗೆ ಎಮ್ಮೆ ಅಂದಿತು, "ಏ ಮುದುಕಿ, ನಾನು ಮಾತಿಗೆ ಏಳೋಳಲ್ಲ. ನಾಯಿ ಬೊಗಳಿದರೆ ಏಳ್ತೀನಿ. ಬೊಗಳಿಸು ನಿನ್ನ ನಾಯೀನ."

ಕಜ್ಜಾಯ ಬಾಯಿ ತೆಗೆಯಿತು. ಪಾಪ, ಎಷ್ಟು ಕಷ್ಟಪಟ್ಟಿತು! ಕಿವಿ ನಡುಗಿತು. ಬಾಲ ನಡುಗಿತು.

"ಪುಸ್."

ಎಮ್ಮೆ ಕಣ್ಣು ಮುಚ್ಚಿಕೊಂಡು ಮತ್ತೆ ಮೇಯಲು ಶುರುಮಾಡಿತು. ಈಗ ಏನು ಮಾಡೋದು, ಹೇಳಿ? ಬೌ ಇಲ್ಲದೆ ಎಮ್ಮೆ ಏಳಲ್ಲ. ಎಮ್ಮೆ ಏಳದೆ ಬೌ ಸಿಗಲ್ಲ.

ಅಜ್ಜಿ ಕಜ್ಜಾಯದ ಮುಖ ನೋಡಿದಳು. ಕಜ್ಜಾಯ ಅಜ್ಜಿಯ ಮುಖ ನೋಡಿತು.

"ನಿನ್ನ ಬೌ ಇಲ್ಲದಿದ್ರೆ ಏನಾಯ್ತು ಮಗಾ? ನಾನಿಲ್ವಾ?"

ಅಜ್ಜಿ ಕಜ್ಜಾಯವನ್ನು ಬದುವಿನ ಮೇಲೆ ಕೂರಿಸಿದಳು. ಸೆರಗು ಬಿಗಿದು ಸಿಕ್ಕಿಸಿಕೊಂಡಳು. ಕೈ ಊರಿದಳು. ಮೊಣಕಾಲು ಊರಿದಳು. ಉಸಿರು ಎಳೆದುಕೊಂಡಳು.

"ಬೌ!" ಅಂದಳು ಚೌಡಜ್ಜಿ.

ಎಮ್ಮೆ ಒಂದು ಕಣ್ಣು ತೆಗೆಯಿತು.

"ಬೌ ಬೌ!"

ಎಮ್ಮೆ ಎರಡೂ ಕಣ್ಣು ತೆಗೆಯಿತು.

"ಬೌ ಬೌ ಬೌ ಬೌ ಬೌ!"

"ಅಯ್ಯಯ್ಯೋ! ಸೀರೆ ಉಟ್ಟ ನಾಯಿ!" ಅಂತ ಎಮ್ಮೆ ಎದ್ದಿತು. ಎದ್ದು ಓಡಿತು. ಓಡಿ ಕೆರೆಗೆ ಬಿದ್ದಿತು. ಅಜ್ಜಿ ಹೊಲದಲ್ಲೇ ಕೂತು ನಕ್ಕಳು. ಕಜ್ಜಾಯ ಬಂದು ಅವಳ ಮೂಗು ನೆಕ್ಕಿತು.

ಎಮ್ಮೆ ಎದ್ದಿತು.
ಹೂವು ಜೇನಿಗೆ ಸಿಕ್ಕಿತು.
ಜೇನು ಮೇಣ ಕೊಟ್ಟಿತು.
ಮರಿಯಕ್ಕ ಮೇಣವನ್ನು ದಾರಕ್ಕೆ ಸವರಿದಳು.
ದಾರದಿಂದ ಪಟ್ಟಿ ಹೊಲಿದಳು.
ಗಂಗಣ್ಣ ಪಟ್ಟಿಯನ್ನು ಚಕ್ರಕ್ಕೆ ಹಾಕಿದ.
ಗರ ಗರ ಗರ, ಸಾಣೆಕಲ್ಲು ತಿರುಗಿತು.
ಸರ್ ಸರ್ ಸರ್, ಕತ್ತಿ ಹರಿತ ಆಯಿತು.
ಇಮಾಮಣ್ಣ ಕತ್ತಿ ಹಿಡಿದು ಬಾಡು ಕೊಯ್ದ. ಸಣ್ಣ ಸಣ್ಣ ತುಂಡು ಮಾಡಿದ. ಮುತ್ತುಗದ ಎಲೆಯಲ್ಲಿ ಕಟ್ಟಿಕೊಟ್ಟ. "ನಾಳೆಯೂ ಬಾ ಅವ್ವಾ" ಅಂದ.

ಅಜ್ಜಿ ಮನೆಗೆ ಬಂದಳು. ಒಂದು ತುಂಡು ತೆಗೆದಳು. ಬೇಯಿಸಲಿಲ್ಲ. ಉಪ್ಪು ಹಾಕಲಿಲ್ಲ. ಖಾರ ಹಾಕಲಿಲ್ಲ. ಕಣ್ಣು ಮುಚ್ಚಿಕೊಂಡು ಕಜ್ಜಾಯದ ಮುಂದೆ ಇಟ್ಟಳು. ಕಜ್ಜಾಯ ಮೂಸಿತು. ನೆಕ್ಕಿತು. ಗಬಕ್!

ಮೊದಲ ದಿನ ಒಂದು ತುಂಡು ಬಾಡು, ಒಂದು ಬಟ್ಟಲು ಸರಿ. ಎರಡನೇ ದಿನ ಎರಡು ತುಂಡು, ಮುಕ್ಕಾಲು ಬಟ್ಟಲು ಸರಿ. ಮೂರನೇ ದಿನ ಮೂರು ತುಂಡು, ಅರ್ಧ ಬಟ್ಟಲು ಸರಿ. ಹೀಗೇ ಬಾಡು ಹೆಚ್ಚಿತು, ಸರಿ ಕಡಿಮೆ ಆಯಿತು. ಐದನೇ ದಿನ ಬಟ್ಟಲು ಖಾಲಿ. ಅಜ್ಜಿ ಅದನ್ನು ತೊಳೆದು ಮಗುಚಿ ಇಟ್ಟಳು.

ಆ ಮಧ್ಯಾಹ್ನ ಅಜ್ಜಿ ಒಳಗೆ ರಾಗಿ ಕೇರುತ್ತಿದ್ದಳು. ಹೊರಗೆ ಅಂಗಳದಲ್ಲಿ ಹಪ್ಪಳ ಒಣಗುತ್ತಿದ್ದವು. ಆಗ—

"ಬೌ!"

ಅಜ್ಜಿಯ ಕೈಯಿಂದ ಮೊರ ಬಿತ್ತು. ಅಬ್ಬಾ, ಎಂಥ ದೊಡ್ಡ ಬೌ! ಸೂರಿನ ಗುಬ್ಬಿಯೆಲ್ಲ ಪುರ್ ಅಂತ ಹಾರಿದವು.

"ಯಾರ ಮನೆ ನಾಯಪ್ಪ ಇದು?" ಅಂತ ಅಜ್ಜಿ ಹೊರಗೆ ಬಂದಳು. ಬೀದಿಯ ಆ ಕಡೆ ನೋಡಿದಳು. ಯಾವ ನಾಯಿಯೂ ಇಲ್ಲ. ಬೀದಿಯ ಈ ಕಡೆ ನೋಡಿದಳು. ಯಾವ ನಾಯಿಯೂ ಇಲ್ಲ. ತೆಂಗಿನ ಮರದ ತುದಿಯಲ್ಲಿ ಒಂದು ಕೋತಿ ಗಡಗಡ ನಡುಗುತ್ತಿತ್ತು. ಅದರ ಕೈಯಲ್ಲಿ ಅರ್ಧ ಹಪ್ಪಳ ಇತ್ತು.

ಮರದ ಕೆಳಗೆ ನಿಂತಿದ್ದು ಯಾರು? ನಾಲ್ಕು ಕಾಲು ಗಟ್ಟಿಯಾಗಿ ಊರಿ, ಎದೆ ಮುಂದೆ ಮಾಡಿ, ಬಾಲ ಮೇಲೆತ್ತಿ ನಿಂತಿದ್ದು ಯಾರು?

ಕಜ್ಜಾಯ!

"ಬೌ! ಬೌ! ಬೌ!"

"ಅಯ್ಯೋ, ನನ್ನ ಕೂಸು!" ಅಂತ ಅಜ್ಜಿ ಓಡಿದಳು. ಎತ್ತಿಕೊಳ್ಳೋಣ ಅಂತ ಬಗ್ಗಿದಳು. ಆಗಲಿಲ್ಲ. ಅಷ್ಟು ಭಾರ! ಅಲ್ಲೇ ನೆಲದ ಮೇಲೆ ಕೂತಳು. ಅದರ ಕುತ್ತಿಗೆ ತಬ್ಬಿಕೊಂಡಳು. ನಗುತ್ತಿದ್ದಳು, ಅಳುತ್ತಿದ್ದಳು, ಎರಡೂ ಒಟ್ಟಿಗೆ.

ಆಮೇಲೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

"ಅಲ್ಲ, ಅಲ್ಲ" ಅಂದಳು ಚೌಡಜ್ಜಿ. "ನನ್ನ ನಾಯಿ."

ಅಷ್ಟೇ ಕಥೆ. ನಿದ್ದೆ ಬಂದವರು ಮಲಗಿ. ನಿದ್ದೆ ಬರದವರು ಒಂದೇ ಒಂದು ಸಲ ಜೋರಾಗಿ ಬೌ ಅನ್ನಿ ನೋಡೋಣ.