ಬ್ರಹ್ಮರಾಕ್ಷಸನ ಕತ್ತರಿ

ಕೋಡಿಗಿರಿಯ ಅರಸ ಡಂಗುರ ಹೊಯ್ಸಿದ: "ಹಳೇ ಪ್ರಯೋಗಶಾಲೆಯ ಬ್ರಹ್ಮರಾಕ್ಷಸನ ಮೂರು ಒಗಟು ಬಿಡಿಸಿದವರಿಗೆ ಆ ಶಾಲೆಯೇ ಬಹುಮಾನ. ತಪ್ಪಿದವರ ಪ್ರಾಣಕ್ಕೆ ಅರಮನೆ ಹೊಣೆಯಲ್ಲ."

ರಾಜಕುಮಾರಿಯ ರಕ್ತದಲ್ಲಿ ಜೀವಕೋಶಗಳು ಹದ್ದುಮೀರಿ ಬೆಳೆಯುತ್ತಿದ್ದವು. ಅವಕ್ಕೆ ಮದ್ದು ಹುಡುಕಲು ಆ ಶಾಲೆಯೇ ಬೇಕಿತ್ತು. ರಾಕ್ಷಸನಾದರೋ ಬದುಕಿದ್ದಾಗ ಅಲ್ಲಿಯ ದೊಡ್ಡ ವಿಜ್ಞಾನಿ. ಕೊನೆಯ ಪ್ರಶ್ನೆಗೆ ಉತ್ತರ ಸಿಗದೆ ಸತ್ತು, ಅಲ್ಲೇ ಉಳಿದುಬಿಟ್ಟಿದ್ದ.

ಆಸ್ಥಾನ ಪಂಡಿತ ಮೊದಲ ಒಗಟಿಗೇ ತಡವರಿಸಿದ. ವೈದ್ಯ ಮುಕುಂದಭಟ್ಟ ಎರಡು ಬಿಡಿಸಿ ಮೂರನೆಯದಕ್ಕೆ ಎಡವಿದ. ಇಬ್ಬರ ಹೆಣಗಳೂ ಹೊಸಿಲಾಚೆ ಬಂದು ಬಿದ್ದವು. ಆಮೇಲೆ ಆ ಬೀದಿಯಲ್ಲಿ ನಾಯಿಯೂ ಸುಳಿಯಲಿಲ್ಲ.

ಕುಂಬಾರರ ಮಗಳು ದ್ಯಾಮಕ್ಕ ವಿದ್ಯಾಶಾಲೆಯಲ್ಲಿ ಎರಡು ಸಲ ನಪಾಸಾದವಳು. ಅಲ್ಲಿ ಅವಳ ಪಕ್ಕದಲ್ಲಿ ಕೂತು ಓದಿದ್ದ ಒಬ್ಬಳೇ ಗೆಳತಿ ಈ ರಾಜಕುಮಾರಿ. ಅವ್ವ ಬೇಡವೆಂದು ಅತ್ತರೂ ಕೇಳದೆ, ಮಟಮಟ ಮಧ್ಯಾಹ್ನ ಅವಳು ಬಾಗಿಲು ನೂಕಿದಳು.

ಒಳಗೆ ಬಾವಿಯ ತಣ್ಣಸ. ಬರಿದಾದ ಕುರ್ಚಿಯಿಂದ ದನಿ ಬಂತು.

"ತಾನು ಮಾತಾಡದು, ಮಾತಾಡುವವರ ಬಾಯಿ ಮುಚ್ಚಿಸುತ್ತದೆ. ಜೀವಕೋಶದೊಳಗಿನ ಆ ಪುಟಾಣಿ ಯಾವುದು?"

"ಚಿಕ್ಕ ಆರ್‌ಎನ್‌ಎ, ಸ್ವಾಮಿ. ಜೀನು ಕಳಿಸಿದ ಸಂದೇಶಕ್ಕೆ ಅಂಟಿಕೊಂಡು ಅದನ್ನು ಅಡಗಿಸುತ್ತದೆ."

"ಹುಟ್ಟುವಾಗ ಅದು ಹೇರ್‌ಪಿನ್ನಿನಂತೆ ಮಡಚಿಕೊಂಡ ಉದ್ದನೆಯ ಎಳೆ. ಒಳಮನೆಯಲ್ಲೊಮ್ಮೆ, ಹೊರಮನೆಯಲ್ಲೊಮ್ಮೆ ಏನಾದರೆ ಕೆಲಸಕ್ಕೆ ಬಂದೀತು?"

"ಕತ್ತರಿಸಬೇಕು. ಒಮ್ಮೆ ಕೋಶಕೇಂದ್ರದಲ್ಲಿ, ಇನ್ನೊಮ್ಮೆ ಅದರ ಹೊರಗೆ."

ತಣ್ಣನೆಯ ಉಸಿರು ಅವಳ ಕೊರಳಿಗೆ ತಾಗಿತು.

"ಹಾಗೆ ಕತ್ತರಿಸುವ ಕಿಣ್ವವೆಂಬ ಕತ್ತರಿಯ ಗುಟ್ಟು ತಿಳಿಯಲೆಂದು ಅದರ ಜೀನನ್ನೇ ತೆಗೆದುಹಾಕಿದೆ. ಕೋಶಗಳೆಲ್ಲ ಸತ್ತವು. ಸತ್ತದ್ದು ಏನು ಹೇಳೀತು? ಮತ್ತೆ ಕೇಳುವುದು ಹೇಗೆ?"

ವಿದ್ಯಾಶಾಲೆಯಲ್ಲಿ ದ್ಯಾಮಕ್ಕ ಬೆಳೆಸಿದ ಕೋಶಗಳೂ ಹೀಗೆಯೇ ಸತ್ತಿದ್ದವು, ಅದಕ್ಕೇ ಅವಳು ನಪಾಸಾದದ್ದು. ಬದುಕಿದ್ದು ಒಂದೇ ತಟ್ಟೆಯ ಕೋಶಗಳು. ಅದರಲ್ಲಿ ಅವಳು ಕೈತಪ್ಪಿ ಕತ್ತರಿಯ ಜೀನು ಬಿಟ್ಟು ಬೇರೆಲ್ಲೋ ತಿದ್ದಿದ್ದಳು. ಗುರುಗಳು ಅದನ್ನು ಎಸೆದುಬಿಟ್ಟಿದ್ದರು. ಎಲ್ಲಿ ತಿದ್ದಿದ್ದೆ? ನೆನಪಾಯಿತು.

"ಕತ್ತರಿಯನ್ನು ಮುಟ್ಟಬಾರದು, ಸ್ವಾಮಿ. ಎಳೆಯಲ್ಲಿ ಕತ್ತರಿ ತಾಗುವ ಜಾಗದ ಒಂದಕ್ಷರ ತಿದ್ದಬೇಕು. ಆ ಎಳೆಯೊಂದೇ ಕೆಡುತ್ತದೆ, ಕೋಶ ಬದುಕಿರುತ್ತದೆ. ಹೀಗೆ ಒಂದೊಂದೇ ಅಕ್ಷರ ತಿದ್ದಿ ನೋಡಿದರೆ, ಕತ್ತರಿ ಯಾವ ಗುರುತು ಹಿಡಿದು ಕತ್ತರಿಸುತ್ತದೆಂದು ಆ ಕೋಶಗಳೇ ಹೇಳುತ್ತವೆ."

ಈಗ ಕೇಳಿಸಿದ್ದು ಬರೀ ಒಬ್ಬ ಮುದುಕನ ದನಿ.

"ಕೊಲ್ಲದೆಯೂ ಕೇಳಬಹುದಿತ್ತೇ? ಇದಕ್ಕಾಗಿ ಇಬ್ಬರ ಪ್ರಾಣ ತೆಗೆದೆನಲ್ಲ, ಮಗಳೇ."

ಅವಳ ಕೊರಳ ಬಳಿಯ ತಣ್ಣನೆಯ ಉಸಿರು ಸರಿದುಹೋಯಿತು. ಕೋಣೆ ಮೆಲ್ಲಗೆ ಬೆಚ್ಚಗಾಯಿತು.

ಅರಸ ಮಾತಿನಂತೆ ಪ್ರಯೋಗಶಾಲೆಯನ್ನು ಅವಳಿಗೆ ಒಪ್ಪಿಸಿದ. ಮದ್ದು ಕೈಗೂಡಲು ವರ್ಷಗಳೇ ಹಿಡಿದರೂ ರಾಜಕುಮಾರಿ ಉಳಿದುಕೊಂಡಳು. ಆದರೆ ಕೆಲಸ ಶುರುಮಾಡುವ ಮೊದಲು ದ್ಯಾಮಕ್ಕ ಪಂಡಿತನಿಗೊಂದು, ವೈದ್ಯನಿಗೊಂದು, ಅವರನ್ನು ಕೊಂದವನಿಗೊಂದು ಎಡೆ ಇಟ್ಟು, ಕಿಟಕಿಗಳನ್ನೆಲ್ಲ ತೆರೆದಳು.