ತುಂಬಿದ ತಂಬಿಗೆ ಅಳೆದ ದಾರಿ

ಬಹಳ ಹಿಂದೆ, ನಮಗೆ ಹೇಳಿದ ಅಜ್ಜಂದಿರೂ ತಮ್ಮ ಅಜ್ಜಂದಿರಿಂದ ಕೇಳಿದ್ದಷ್ಟು ಹಿಂದೆ, ಕೆಂಗಲ್ಲಹಾಳ ಅನ್ನೋ ಒಂದು ಊರಲ್ಲಿ ಅಡಿವೆಪ್ಪ ಅಂತ ಒಬ್ಬನಿದ್ದ. ಹೊಲ ಅಳೆಯುವುದು ಅವನ ಕಸುಬು. ಮಾರಿಗೊಂದು ಗಂಟು ಹಾಕಿದ ಹಗ್ಗ ಸದಾ ಅವನ ಹೆಗಲ ಮೇಲಿರುತ್ತಿತ್ತಂತೆ. ಅಣ್ಣತಮ್ಮಂದಿರು ಬದುವಿಗಾಗಿ ಕೈಕೈ ಮಿಲಾಯಿಸಿದರೆ ಅಡಿವೆಪ್ಪ ಬಂದು ಹಗ್ಗ ಹಾಸುತ್ತಿದ್ದ, ಜಗಳ ಅಲ್ಲಿಗೇ ಮುಗಿಯುತ್ತಿತ್ತು. ಹಗ್ಗ ನೆನೆದರೆ ಕುಗ್ಗುತ್ತದೆ ಅಂತ ಮಳೆ ಬಂದ ದಿನ ಅಳತೆಗೇ ಹೋಗುತ್ತಿರಲಿಲ್ಲವಂತೆ. ಹೆಂಡತಿ ಬಡಿದ ರೊಟ್ಟಿಯನ್ನೂ ಗೇಣು ಹಾಕಿ ನೋಡುತ್ತಿದ್ದ ಅಂತಾರೆ. ಅದು ಮಾತ್ರ ಯಾರೋ ಆಗದವರು ಸೇರಿಸಿದ್ದು.

ಅವನಿಗೆ ಒಬ್ಬಳೇ ಮಗಳು, ಕಾಶವ್ವ. ಅವಳನ್ನು ಗುಡ್ಡದಾಚೆಯ ಹಾಲಗುಂಡಿಗೆ ಕೊಟ್ಟಿದ್ದ. ಈಗ ಚೊಚ್ಚಲ ಬಸುರಿ, ತವರಿಗೆ ಕರೆತರಬೇಕು. ಆ ಸೀಮೆಯಲ್ಲಿ ಒಂದು ಕಟ್ಟಳೆ ಇತ್ತು: ತುಂಬಿದ ಬಸುರಿಯನ್ನು ಒಂದು ಹರಿದಾರಿಗಿಂತ ಹೆಚ್ಚು ನಡೆಸಬಾರದು. ಬಂಡಿ ಹೋಗುವ ದಾರಿ ಇರಲಿಲ್ಲ. ಗುಡ್ಡ ಹತ್ತಿ ಇಳಿದರೆ ಮುಕ್ಕಾಲು ಹರಿದಾರಿ. ಹಳ್ಳದ ದಂಡೆ ಹಿಡಿದು ಗುಡ್ಡ ಸುತ್ತಿದರೆ ಎರಡು ಹರಿದಾರಿ. ಎರಡನ್ನೂ ಅಳೆದು ಹೇಳಿದವನು ಅಡಿವೆಪ್ಪನೇ. ಬೀಗ ಸಂಗನಗೌಡ ಹೇಳಿ ಕಳಿಸಿದ: ಒಯ್ಯುವುದಾದರೆ ಗುಡ್ಡದ ಮೇಲೆ ಒಯ್ಯಿರಿ, ಇಲ್ಲವಾದರೆ ಹೆರಿಗೆ ಇಲ್ಲೇ ಆಗಲಿ.

ಅಡಿವೆಪ್ಪ ಮಗಳನ್ನು ನೋಡಲು ಹೋದ. ಕಾಲು ಬಾತುಕೊಂಡಿದ್ದವು, ಮುಖ ಬಾಡಿತ್ತು. "ಅವ್ವನ ಕಡೆ ಕರಕೊಂಡು ಹೋಗಪ್ಪಾ" ಅಂದಳಂತೆ.

ಗುಡ್ಡ ಹತ್ತಿ ಮರಳುವಾಗ ಅವನಿಗೇ ಉಬ್ಬಸ ಬಂತು. ನೆತ್ತಿಯ ಕಲ್ಲಿನ ಮೇಲೆ ಕೂತ. ದಾರಿಯಲ್ಲಿ ಕುಡಿಯಲೆಂದು ಮಗಳು ತುಂಬಿಕೊಟ್ಟ ತಂಬಿಗೆ ಕೈಯಲ್ಲಿತ್ತು, ನೋಡಿದರೆ ಅರ್ಧಕ್ಕರ್ಧ ತುಳುಕಿ ಹೋಗಿತ್ತು. ಆ ನೀರನ್ನೇ ನೋಡುತ್ತ ಬಹಳ ಹೊತ್ತು ಕೂತಿದ್ದನಂತೆ. ತನ್ನ ಹಗ್ಗದ ಮೇಲೆ ಅವನಿಗೆ ಸಿಟ್ಟು ಬಂದದ್ದು ಅದೇ ಮೊದಲು.

ಮರುದಿನ ತಂಬಿಗೆಗೆ ಕಂಠದವರೆಗೆ ನೀರು ತುಂಬಿ, ಹಳ್ಳದ ದಂಡೆ ಹಿಡಿದು ಹಾಲಗುಂಡಿಗೆ ಹೋದ. ಒಂದು ಗುಟುಕು ಚೆಲ್ಲಿದ್ದರೆ ಹೆಚ್ಚು. ಅದನ್ನು ಹಿರಿಯರೆದುರು ಇಟ್ಟು, ಮಗಳನ್ನು ಈ ದಾರಿಯಲ್ಲೇ ಕಳಿಸಿರಿ ಅಂತ ಕೈಮುಗಿದ.

ಗೌಡ ನಕ್ಕ. "ನಮ್ಮ ಹೊಲಾ ಹಗ್ಗದಾಗ ಅಳದ್ರಿ ಬೀಗರ. ಮಗಳ ದಾರಿ ಬಂತಂದ್ರ ತಂಬಿಗ್ಯಾಗ ಅಳೀತೀರೇನು?"

ಕೂತವರೆಲ್ಲ ನಕ್ಕರಂತೆ. ಆಯುಷ್ಯವೆಲ್ಲ ಗಳಿಸಿದ ಮಾತಿನ ಬೆಲೆ ಅವತ್ತು ಹೋಗಬಹುದಿತ್ತು. ಅಡಿವೆಪ್ಪ ತಲೆ ತಗ್ಗಿಸಲಿಲ್ಲ.

"ಹೊಲ ಎಲ್ಲಿಗೂ ನಡೆಯೂದಿಲ್ರೀ ಗೌಡ್ರ. ನನ್ನ ಮಗಳು ನಡೀತಾಳ."

ಅಷ್ಟು ಹೇಳಿ, ನೀವೇ ಈ ತಂಬಿಗೆ ಹಿಡಿದು ಗುಡ್ಡ ದಾಟಿ ಬನ್ನಿ ಅಂದ. ಗೌಡನಿಗೂ ಹಟ. ಹೋದ. ಹೊತ್ತು ಇಳಿಯುವಾಗ ಮರಳಿದವನ ಧೋತರವೆಲ್ಲ ಒದ್ದೆ, ತಂಬಿಗೆಯ ತಳದಲ್ಲಿ ಒಂದು ಬೊಗಸೆ ನೀರು. ಆದರೂ ಕಟ್ಟಳೆ ಅಂದರೆ ಕಟ್ಟಳೆ ಅಂತ ಶುರು ಮಾಡಿದ.

ಆಗ ಒಳಗಿನಿಂದ ಅವನ ಹೆಂಡತಿ ಬಾಳವ್ವ ಬಂದಳಂತೆ. ಹಿರಿಯರೆದುರು ಅವಳ ದನಿಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ತಂಬಿಗೆ ಎತ್ತಿಕೊಂಡು ಒಳಗೆ ಇಣುಕಿ ನೋಡಿದಳು.

"ನನ್ನ ಚೊಚ್ಚಲದಾಗ ನನ್ನೂ ಆ ಗುಡ್ಡದ ಮ್ಯಾಲೇ ಒಯ್ದಿದ್ರಿ" ಅಂದಳು.

ಅವಳ ಮೊದಲ ಕೂಸು ಉಳಿಯಲಿಲ್ಲ ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಯಾವ ದಾರಿಯಲ್ಲಿ ಹೋಗಿದ್ದಳು ಅಂತ ಯಾರೂ ಕೇಳಿರಲಿಲ್ಲ. ತಂಬಿಗೆಯನ್ನು ಎದೆಗವಚಿಕೊಂಡು ಬಾಳವ್ವ ಬಿಕ್ಕಿ ಬಿಕ್ಕಿ ಅತ್ತಳು. ಗೌಡ ಸಣ್ಣ ದನಿಯಲ್ಲಿ, ಹಳ್ಳದ ದಾರಿಯಲ್ಲೇ ಒಯ್ಯಿರಿ ಅಂದನಂತೆ.

ಹೀಗೆ ಕಾಶವ್ವ ಕಟ್ಟಳೆ ಮೀರಿ ಎರಡು ಹರಿದಾರಿ ನಡೆದಳು. ಮುಂದೆ ತುಂಬಿದ ತಂಬಿಗೆ ಹಿಡಿದ ಅಪ್ಪ, ಪಕ್ಕದಲ್ಲಿ ಕೈಹಿಡಿದ ಬಾಳವ್ವ. ನೀರು ತುಳುಕಿದಲ್ಲೆಲ್ಲ ಅಡಿವೆಪ್ಪ ನಿಂತು, ಮಗಳನ್ನು ನೆರಳಲ್ಲಿ ಕೂರಿಸುತ್ತಿದ್ದ. ಊರು ಮುಟ್ಟಲು ಎರಡು ದಿನ ಹಿಡಿಯಿತು ಅಂತಾರೆ, ನಾಲ್ಕು ಅನ್ನುವವರೂ ಇದ್ದಾರೆ. ಹೆಣ್ಣು ಕೂಸು ಹುಟ್ಟಿತು, ಗಟ್ಟಿಮುಟ್ಟಾಗಿತ್ತು.

ಆ ಸೀಮೆಯಲ್ಲಿ ಹೊಲ ಅಳೆಯಲು ಇಂದಿಗೂ ಹಗ್ಗವೇ. ಆದರೆ ಬಸುರಿಯನ್ನು ತವರಿಗೆ ಕರೆತರುವಾಗ ಮುಂದೊಬ್ಬರು ತುಂಬಿದ ತಂಬಿಗೆ ಹಿಡಿದು ನಡೆಯುತ್ತಾರೆ. ನೀರು ತುಳುಕಿದರೆ ಎಲ್ಲರೂ ನಿಲ್ಲುತ್ತಾರೆ. ಇನ್ನೆಷ್ಟು ದೂರ ಅಂತ ಆಗ ಯಾರೂ ಕೇಳುವುದಿಲ್ಲ. "ದಣಿವಾತೇನವ್ವಾ?" ಅಂತ ಕೇಳುತ್ತಾರೆ.