ಎಳೆ ಹಿಡಿದ ಮೂವತ್ತೊಂಬತ್ತು ಮಂದಿ

“ಗುರುಗಳೇ, ಮೋಸ ನಡೆಯುತ್ತಿದೆ ಎಂದು ಎಲ್ಲರಿಗೂ ಗೊತ್ತಿರುವಾಗ ಅದರ ಹೊಣೆ ಯಾರದು?”

ಕೇಳಿದವನು ಇಂದುಧರ. ಹೈಸ್ಕೂಲಿನಲ್ಲಿ ತನಗೆ ವಿಜ್ಞಾನ ಕಲಿಸಿದ ಗುರುಗಳ ಮನೆಗೆ ರಜೆಯಲ್ಲಿ ಬಂದಿದ್ದ. ಈಗ ಅವನು ಓದುತ್ತಿದ್ದದ್ದು ದೊಡ್ಡ ಹೆಸರಿನ, ಅದಕ್ಕಿಂತ ದೊಡ್ಡ ಶುಲ್ಕದ ಒಂದು ವಿಶ್ವವಿದ್ಯಾಲಯದಲ್ಲಿ. ಪದವಿ ಕೈಗೆ ಬರಲು ಒಂದು ಸೆಮಿಸ್ಟರ್ ಉಳಿದಿತ್ತು.

“ನಮ್ಮ ಪ್ರಯೋಗಾಲಯದ ಗಾಜಿನ ಕಪಾಟಿನಲ್ಲಿ ಒಂದು ಯಂತ್ರ ಇದೆ,” ಎಂದ. “ಪ್ರವೇಶಕ್ಕೆ ಬರುವವರಿಗೆಲ್ಲ ಮೊದಲು ಅದನ್ನೇ ತೋರಿಸುತ್ತಾರೆ. ಮೂರು ವರ್ಷದಲ್ಲಿ ಒಂದು ದಿನವೂ ಅದನ್ನು ಚಾಲೂ ಮಾಡಿಲ್ಲ. ಹಿಂದಿನ ಬ್ಯಾಚಿನವರ ರೆಕಾರ್ಡ್ ನೋಡಿ ರೀಡಿಂಗ್ ಬರೆಯುತ್ತೇವೆ. ಅವರು ಅವರ ಹಿಂದಿನವರದನ್ನು ನೋಡಿ ಬರೆದಿದ್ದರು. ಪ್ರೊಫೆಸರು ಸಹಿ ಹಾಕುತ್ತಾರೆ. ಹೊರಗೆ ವಿಶ್ವವಿದ್ಯಾಲಯದ ಹೆಸರು ಹೇಳಿದರೆ ಜನ ಕುರ್ಚಿ ಬಿಟ್ಟು ಏಳುತ್ತಾರೆ. ಮೈಯೆಲ್ಲ ಉರಿಯುತ್ತದೆ ಗುರುಗಳೇ.”

“ಕೂತುಕೋ,” ಎಂದರು ಗುರುಗಳು. “ಒಂದು ಕತೆ ಹೇಳುತ್ತೇನೆ. ಮುಗಿಯುವವರೆಗೆ ಆ ಉರಿ ಆರಲು ಬಿಡಬೇಡ.”

ಒಂದು ರಾಜಧಾನಿಯಲ್ಲಿ ನಾಡಿಶಾಲೆ ಇತ್ತು. ನಾಡಿ ನೋಡಿ ರೋಗ ಹೇಳುವ ವೈದ್ಯರನ್ನು ಅದು ತಯಾರು ಮಾಡುತ್ತಿತ್ತು. ಓದು ಮುಗಿಸಿದವರಿಗೆ ಕೆಂಪು ಅಂಚಿನ ಶಾಲು ಹೊದಿಸುತ್ತಿದ್ದರು. ಆ ಶಾಲಿನವರು ಹೇಳಿದ ಮೇಲೆ ಇನ್ನೊಬ್ಬರನ್ನು ಕೇಳುವ ಪದ್ಧತಿ ಆ ಸೀಮೆಯಲ್ಲಿ ಇರಲಿಲ್ಲ.

ಅದೇ ಸೀಮೆಯ ಒಂದು ಹಳ್ಳಿಯಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಮೂರು ಬೆರಳು ಮಣಿಕಟ್ಟಿನ ಮೇಲಿಟ್ಟರೆ ಬಸುರಿ ಹೇಗಿದ್ದಾಳೆ, ಹೆರಿಗೆ ಹೇಗಾದೀತು ಎಂದು ಹೇಳುತ್ತಿದ್ದಳು. ತಪ್ಪುತ್ತಿದ್ದದ್ದು ಕಡಿಮೆ. ಆದರೆ ದೊಡ್ಡ ಮನೆಗಳಲ್ಲಿ ಶಾಲಿನ ವೈದ್ಯ ಬಂದೊಡನೆ ಅವಳನ್ನು ಅಂಗಳಕ್ಕೆ ಕಳಿಸುತ್ತಿದ್ದರು. ಅವಳು ಹೊರಗೆ ನಿಂತು, ಒಳಗಿನ ನರಳಾಟದಿಂದಲೇ ಮುಂದೇನೆಂದು ತಿಳಿದು, ತುಟಿ ಕಚ್ಚಿಕೊಂಡು ಮನೆಗೆ ಬರುತ್ತಿದ್ದಳು.

ಅವಳಿಗೆ ಒಬ್ಬಳೇ ಮಗಳು. “ನನ್ನ ಕೈ ನಿನಗೆ ಬಂದಿದೆ,” ಎಂದು ಒಂದು ದಿನ ಮಗಳಿಗೆ ಹೇಳಿದಳು. “ಆ ಶಾಲೂ ಬರಲಿ. ಆಮೇಲೆ ನಿನ್ನನ್ನು ಅಂಗಳಕ್ಕೆ ಅಟ್ಟುವವರು ಯಾರೋ ನೋಡುತ್ತೇನೆ.”

ಹೆರಿಗೆಯ ಮನೆಗಳವರು ಕೊಟ್ಟಿದ್ದ ಬೆಳ್ಳಿಯ ಬಳೆಗಳೆಲ್ಲ ಶಾಲೆಯ ಪಾಲಾದವು. ಮಗಳು ನಾಡಿಶಾಲೆ ಸೇರಿದಳು.

ಅಲ್ಲಿ ರೋಗಿಯನ್ನು ಮುಟ್ಟುವಂತಿರಲಿಲ್ಲ. ಹಿಂದೆ ಆ ಶಾಲೆ ಕಟ್ಟಿದವನು ಪಟ್ಟದ ರಾಣಿಗೆ ವೈದ್ಯ ಮಾಡಿದ್ದನಂತೆ. ರಾಣಿಯ ಕೈ ಮುಟ್ಟುವ ಹಾಗಿಲ್ಲ. ಅವಳ ಮಣಿಕಟ್ಟಿಗೆ ರೇಷ್ಮೆಯ ಎಳೆ ಕಟ್ಟಿಸಿ, ಪರದೆಯ ಈಚೆ ಕೂತು, ಎಳೆ ಹಿಡಿದೇ ರೋಗ ಹೇಳಿದನಂತೆ. ಅಂದಿನಿಂದ ಅದೇ ಶಾಲೆಯ ಪದ್ಧತಿ, ಅದೇ ಅದರ ಹೆಮ್ಮೆ. ಕೈ ಮುಟ್ಟಿ ನೋಡುವುದು ಹಳ್ಳಿಗರ ಕೆಲಸ.

ಬೆಳಿಗ್ಗೆ ನಲವತ್ತು ವಿದ್ಯಾರ್ಥಿಗಳು ಸಾಲಾಗಿ ಕೂರುತ್ತಿದ್ದರು. ಪರದೆಯ ಸಂದಿನಿಂದ ಒಂದು ಎಳೆ ಹೊರಬಂದು ನಲವತ್ತು ಜನರ ಬೆರಳುಗಳನ್ನು ದಾಟಿ ಹೋಗುತ್ತಿತ್ತು. ಆಚೆ ಇರುವ ರೋಗಿ ಎಂಥವರೆಂದು ಆಚಾರ್ಯರು ಹೇಳುತ್ತಿದ್ದರು. ನಂತರ “ನಡೆ?” ಎಂದು ಕೇಳುತ್ತಿದ್ದರು. ನಾಡಿಯ ಮಿಡಿತಕ್ಕೆ ಅಲ್ಲಿ ಹಂಸ, ಕಪ್ಪೆ, ಹಾವುಗಳ ಹೆಸರಿದ್ದವು.

“ಹಂಸದ ನಡೆ,” ಎನ್ನುವನು ಒಬ್ಬ.

“ಹಂಸವೇ. ಆದರೆ ನಡುನಡುವೆ ಕಪ್ಪೆಯ ನೆಗೆತ,” ಎನ್ನುವನು ಇನ್ನೊಬ್ಬ.

ಆಚಾರ್ಯರು ತಲೆದೂಗುವರು.

ಸೂಲಗಿತ್ತಿಯ ಮಗಳ ಸರದಿ ಬಂದಾಗ ಅವಳು, “ನನಗೆ ಏನೂ ಸಿಗುತ್ತಿಲ್ಲ,” ಎಂದಳು. ಇಡೀ ಸಾಲು ನಕ್ಕಿತು.

“ಬೆರಣಿ ತಟ್ಟಿದ ಬೆರಳಲ್ಲವೇ ತಾಯೀ,” ಎಂದ ಪಕ್ಕದಲ್ಲಿ ಕೂತಿದ್ದ ವರ್ತಕನ ಮಗ. “ರೇಷ್ಮೆಗೆ ಇನ್ನೂ ಅದರ ಪರಿಚಯ ಆಗಿಲ್ಲ.”

ಅವಳು ಬೆರಳುಗಳನ್ನು ಹಾಲಿನಲ್ಲಿ ನೆನೆಸಿದಳು. ತುದಿಗಳನ್ನು ಕಲ್ಲಿಗೆ ಉಜ್ಜಿ ತೆಳ್ಳಗೆ ಮಾಡಿದಳು. ಏನೂ ಆಗಲಿಲ್ಲ. ಆಮೇಲೆ ಒಂದು ಪರೀಕ್ಷೆ ಮಾಡಿದಳು. ಜೊತೆಯವಳೊಬ್ಬಳ ಮಣಿಕಟ್ಟಿಗೆ ಎಳೆ ಕಟ್ಟಿ ಇನ್ನೊಂದು ತುದಿ ತಾನು ಹಿಡಿದಳು. ಬಿಗಿಯಾಗಿ ಎಳೆದು ಹಿಡಿದರೆ ಒಂದು ಮೊಳದವರೆಗೆ ಏನೋ ಮಿಡಿದ ಹಾಗಾಗುತ್ತಿತ್ತು. ಎರಡು ಮೊಳಕ್ಕೆ ಇಲ್ಲ. ನಡುವೆ ಇನ್ನೊಬ್ಬರು ಬೆರಳಿಟ್ಟರೆ ಒಂದು ಮೊಳಕ್ಕೂ ಇಲ್ಲ. ಮೂರು ದಿನ, ಮೂವರ ಕೈಗೆ ಕಟ್ಟಿ ನೋಡಿದಳು. ಫಲಿತಾಂಶ ಬದಲಾಗಲಿಲ್ಲ. ಹೋಗಿ ಆಚಾರ್ಯರಿಗೆ ಹೇಳಿದಳು.

“ನೀನು ಇಲ್ಲಿಗೆ ಕಲಿಯಲು ಬಂದೆಯೋ, ಪರೀಕ್ಷೆ ಮಾಡಲು ಬಂದೆಯೋ?” ಎಂದರು ಆಚಾರ್ಯರು. ಮರುದಿನ ಅವಳ ಜಾಗ ಸಾಲಿನ ಕಟ್ಟಕಡೆಗೆ ಹೋಯಿತು.

ಒಂದು ವರ್ಷ ಅವಳು ಕಡೆಯಲ್ಲಿ ಕೂತು ನಗೆಪಾಟಲಾದಳು. ಎರಡನೆಯ ವರ್ಷ ಒಂದು ಬೆಳಿಗ್ಗೆ ಸಾಕಾಗಿ, “ಹಂಸದ ನಡೆ,” ಎಂದುಬಿಟ್ಟಳು.

ಆಚಾರ್ಯರು ತಲೆದೂಗಿದರು. ಯಾರೂ ನಗಲಿಲ್ಲ. ಅಂದಿನಿಂದ ಅವಳು ದಿನಕ್ಕೊಂದು ನಡೆ ಹೇಳತೊಡಗಿದಳು. ವರ್ಷದ ಕೊನೆಗೆ ಅವಳ ಜಾಗ ಪರದೆಯ ಪಕ್ಕಕ್ಕೇ ಬಂತು. ಅವಳಿಗೆ ಸಂತೋಷವಾಯಿತು. ನಿಜವಾಗಿಯೂ ಸಂತೋಷವಾಯಿತು. ತಾಯಿಗೆ ಹೇಳಿ ಕಳಿಸಿದಳು.

ಮೂರನೆಯ ವರ್ಷ, ಶಾಲು ಹೊದಿಸಲು ಮೂರು ತಿಂಗಳಿದ್ದಾಗ, ಆಚಾರ್ಯರು ಒಂದು ದಿನ ಹೇಳಿದರು: “ಇಂದಿನ ರೋಗಿ ಎಂಟು ತಿಂಗಳ ಬಸುರಿ. ನಡೆ?”

ಉತ್ತರಗಳು ಸಾಲಿನ ಕಟ್ಟಕಡೆಯಿಂದ ಶುರುವಾದವು. ನಲವತ್ತು ಉತ್ತರ ಎಂದರೆ ಬಹಳ ಹೊತ್ತು. ಸೂಲಗಿತ್ತಿಯ ಮಗಳು ಪರದೆಗೆ ಕಿವಿಯಾಗಿ ಕೂತಿದ್ದಳು. ಎಂಟು ತಿಂಗಳ ಬಸುರಿ ಅಷ್ಟು ಹೊತ್ತು ನೆಲದ ಮೇಲೆ ಅಲುಗಾಡದೆ ಕೂರಲಾರಳು. ಸೊಂಟ ಹಿಡಿಯುತ್ತದೆ. ಮಗ್ಗುಲು ಬದಲಿಸುತ್ತಾಳೆ, ಏದುಸಿರು ಬಿಡುತ್ತಾಳೆ, ಒಮ್ಮೆಯಾದರೂ ಅಮ್ಮಾ ಎನ್ನುತ್ತಾಳೆ. ಪರದೆಯ ಆಚೆ ಬಳೆಯ ಸದ್ದೂ ಇರಲಿಲ್ಲ.

ಅವಳ ಸರದಿ ಬಂತು. “ನಡೆ?” ಎಂದರು ಆಚಾರ್ಯರು.

ಅವಳು ಎದ್ದು ಪರದೆ ಎಳೆದಳು.

ಆಚೆ ಯಾರೂ ಇರಲಿಲ್ಲ. ಗೋಡೆಯಲ್ಲಿ ಒಂದು ಮೊಳೆ ಇತ್ತು. ಎಳೆ ಅದಕ್ಕೆ ಕಟ್ಟಿತ್ತು. ಗಂಟು ಧೂಳು ಹಿಡಿದು ಕಪ್ಪಾಗಿತ್ತು. ಅದು ಒಂದು ದಿನದ ಗಂಟಲ್ಲ, ಒಂದು ವರ್ಷದ್ದೂ ಅಲ್ಲ.

ಆಚಾರ್ಯರು ನಾಚಲಿಲ್ಲ, ಬೈಯಲೂ ಇಲ್ಲ. “ಇವತ್ತಿಗೆ ಪಾಠ ಸಾಕು. ನಾಳೆ ಇದೇ ಹೊತ್ತಿಗೆ ಬನ್ನಿ,” ಎಂದು ಎದ್ದು ಹೋದರು.

ಅಂಗಳದಲ್ಲಿ ಕೂಗಾಟ ಶುರುವಾಯಿತು. ಮೂರು ವರ್ಷ ಮೊಳೆ ಹಿಡಿಸಿದರಲ್ಲ ಎಂದು ಒಬ್ಬ ತಲೆ ಚಚ್ಚಿಕೊಂಡ. ಇನ್ನೊಬ್ಬ ಪುಸ್ತಕ ಹರಿದ. ಎಲ್ಲರಿಗಿಂತ ಜೋರಾಗಿ ಕೂಗಿದವನು ವರ್ತಕನ ಮಗ. “ಬೆಂಕಿ ಹಚ್ಚಬೇಕು ಈ ಶಾಲೆಗೆ! ನಾನೇ ಹಚ್ಚುತ್ತೇನೆ!” ಎಂದ. ಸೂಲಗಿತ್ತಿಯ ಮಗಳಿಗೆ ಮೂರು ವರ್ಷದಲ್ಲಿ ಮೊದಲ ಸಲ ಅವರೆಲ್ಲ ತನ್ನವರೆನಿಸಿತು. ನಾಳೆ ಈ ಸಾಲಿನಲ್ಲಿ ಯಾರು ಕೂರುತ್ತಾರೆ ಎಂದುಕೊಂಡಳು.

ಮರುದಿನ ಬೆಳಿಗ್ಗೆ ಅವಳು ಬಾಗಿಲಲ್ಲಿ ನಿಂತಳು. ಮಿಂದು, ಮಡಿ ಉಟ್ಟು, ಒಬ್ಬೊಬ್ಬರಾಗಿ ಬಂದರು. ಅವಳ ಮುಖ ನೋಡದೆ ಒಳಗೆ ಹೋಗಿ ಕೂತರು. ವರ್ತಕನ ಮಗ ಬಂದಾಗ ಅವಳು ಅಡ್ಡ ಬಂದಳು.

“ಬೆಂಕಿ ಹಚ್ಚುತ್ತೇನೆ ಅಂದೆಯಲ್ಲ?”

“ಹಚ್ಚೋಣ ಮಾರಾಯ್ತಿ, ಶಾಲೊಂದು ಹೆಗಲಿಗೆ ಬರಲಿ,” ಎಂದ. ದನಿ ತಗ್ಗಿಸಿ, “ಈಗ ಹಚ್ಚಿದರೆ ಸುಡುವುದು ಅವರ ಶಾಲೆಯಲ್ಲ, ನನ್ನ ಮೂರು ವರ್ಷ. ನೀನೂ ಸುಮ್ಮನೆ ಬಂದು ಕೂತುಕೋ. ಹೊರಗೆ ಬಾಯಿ ಬಿಟ್ಟೆಯೋ, ನಮ್ಮ ನಲವತ್ತು ಶಾಲಿಗೂ ಬೆಲೆ ಇಲ್ಲ,” ಎಂದ.

ಆಚಾರ್ಯರ ಮೇಲೆ ಅವಳಿಗೆ ಬಾರದಿದ್ದ ಸಿಟ್ಟು ಈಗ ಬಂತು.

ಒಳಗೆ ಪರದೆ ಮತ್ತೆ ಇಳಿಬಿದ್ದಿತ್ತು. ಎಳೆ ಮೂವತ್ತೊಂಬತ್ತು ಕೈಗಳಲ್ಲಿತ್ತು. “ನಡೆ?” ಎಂದರು ಆಚಾರ್ಯರು. “ಹಂಸದ ನಡೆ,” ಎಂದ ಮೊದಲನೆಯವನು. ದನಿ ಹಿಂದಿನ ದಿನಕ್ಕಿಂತ ಗಟ್ಟಿಯಾಗಿತ್ತು.

ಅವಳು ನಡೆದು ಹೋಗಿ, ಪರದೆಯ ಬುಡದಲ್ಲಿ ಎಳೆಯನ್ನು ಮುಂಗೈಗೆ ಸುತ್ತಿ, ಇದ್ದ ಬಲವೆಲ್ಲ ಹಾಕಿ ಜಗ್ಗಿದಳು. ರೇಷ್ಮೆ ಚರ್ಮ ಕೊಯ್ದಿತು. ಆಚೆ ಮೊಳೆ ಕಿತ್ತು ಕಲ್ಲಿನ ನೆಲಕ್ಕೆ ಬಿತ್ತು. ಆ ಸದ್ದು ಎಲ್ಲರಿಗೂ ಕೇಳಿಸಿತು. ಎಳೆ ಸಡಿಲವಾಗಿ ಅವರ ತೊಡೆಗಳ ಮೇಲೆ ಬಿದ್ದುಕೊಂಡಿತು.

“ನಡೆ?” ಎಂದರು ಆಚಾರ್ಯರು.

“ಕಪ್ಪೆಯ ನೆಗೆತ,” ಎಂದ ಎರಡನೆಯವನು.

ಅವಳು ಅಂದೇ ಊರಿಗೆ ಹೊರಟಳು.

ನಡೆದದ್ದೆಲ್ಲ ಕೇಳಿ ತಾಯಿ ಸಮಾಧಾನ ಹೇಳಲಿಲ್ಲ. ಸಿಡಿದುಬಿದ್ದಳು. “ಮೂರು ತಿಂಗಳು ತಡೆಯಲಾಗಲಿಲ್ಲವೇನೇ ನಿನಗೆ? ಶಾಲು ಹೊದ್ದು ಒಳಗೆ ಹೋಗಿ, ಆಮೇಲೆ ಬೇಕಾದರೆ ಕೈ ಮುಟ್ಟಿ ನೋಡಬಹುದಿತ್ತಲ್ಲ! ಈಗ ಇಬ್ಬರೂ ಅಂಗಳದಲ್ಲೇ ನಿಲ್ಲೋಣ, ಬಾ.”

ಆರು ತಿಂಗಳಾದವು. ಊರಿನ ದೊಡ್ಡ ಮನೆಯ ಸೊಸೆಗೆ ನೋವು ಶುರುವಾಯಿತು. ಮೊದಲು ಸೂಲಗಿತ್ತಿಗೆ ಕರೆ ಬಂತು. ತಾಯಿ ಮಗಳು ಇಬ್ಬರೂ ಹೋದರು. ಮಗಳೇ ಕೈ ಹಿಡಿದು ನೋಡಿದಳು. ನಾಡಿ ಕುಸಿಯುತ್ತಿತ್ತು. “ಒಳಗೇ ರಕ್ತ ಹೋಗುತ್ತಿದೆ. ಈಗಲೇ ಏನಾದರೂ ಮಾಡಿದರೆ ಇಬ್ಬರೂ ಉಳಿಯಬಹುದು,” ಎಂದಳು. ಅಷ್ಟರಲ್ಲಿ ಶಾಲಿನ ವೈದ್ಯ ಬಂದ. ಇವರನ್ನು ಅಂಗಳಕ್ಕೆ ಕಳಿಸಿದರು.

ಬಂದವನು ವರ್ತಕನ ಮಗ. ಪಡಸಾಲೆಯಲ್ಲಿ ಕೂತ. ಒಳಕೋಣೆಗೆ ಪರದೆ ಕಟ್ಟಿದರು. ಎಳೆ ಅವನ ಕೈಗೆ ಬಂತು.

“ಏಯ್!” ಎಂದು ಅವಳು ಅಂಗಳದಿಂದ ಕೂಗಿದಳು. “ಎಳೆ ಬಿಡೋ! ಒಳಗೆ ಹೋಗಿ ಕೈ ಮುಟ್ಟು! ಮೂರು ಬೆರಳು ಸಾಕು!”

ಅವನು ತಿರುಗಿ ನೋಡಿದ. ಗುರುತು ಹಿಡಿದ. ಅವನು ಕೂತಲ್ಲಿಂದ ಒಂದು ಗೇಣು ಮೇಲೆದ್ದದ್ದನ್ನು ಅವಳು ಕಂಡಳು. ಮನೆಯವರೆಲ್ಲ ಅವನನ್ನೇ ನೋಡುತ್ತಿದ್ದರು. ಕೆಂಪು ಅಂಚಿನವನು ಎದ್ದು ಹೋಗಿ ರೋಗಿಯ ಕೈ ಮುಟ್ಟಿದ್ದನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಅವನು ಮತ್ತೆ ಕೂತ.

“ಹಂಸದ ನಡೆ,” ಎಂದ. “ಭಯವಿಲ್ಲ.”

ಅವಳು ಮೆಟ್ಟಿಲು ಹತ್ತಿ ನುಗ್ಗಿದಳು. ಇಬ್ಬರು ಆಳುಗಳು ಹಿಡಿದು ಬೀದಿಗೆ ದಬ್ಬಿದರು.

ಸಂಜೆಯ ಹೊತ್ತಿಗೆ ಸೊಸೆ ಸತ್ತಳು. ಹೊಟ್ಟೆಯೊಳಗಿನ ಮಗುವೂ ಉಳಿಯಲಿಲ್ಲ. “ಶಾಲಿನವರೇ ಬಂದು ನೋಡಿದರು. ಅದಕ್ಕಿಂತ ಹೆಚ್ಚು ಯಾರ ಕೈಲಿ ಆಗುತ್ತಿತ್ತು?” ಎಂದಳು ಅತ್ತೆ.

ವರ್ತಕನ ಮಗ ತಲೆ ತಗ್ಗಿಸಿಕೊಂಡು ಬೀದಿಗೆ ಬಂದ. ಅವಳು ಅವನ ಶಾಲು ಹಿಡಿದು ನಿಲ್ಲಿಸಿದಳು.

“ಮೊಳೆ ನೋಡಿದ್ದೆಯಲ್ಲೋ ನೀನು! ನಿನ್ನ ಕಣ್ಣಾರೆ ನೋಡಿದ್ದೆಯಲ್ಲೋ!”

ಅವನು ಶಾಲು ಬಿಡಿಸಿಕೊಂಡ.

“ನನಗೆ ಬೇರೆ ಏನು ಕಲಿಸಿದ್ದರು?” ಎಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಇಂದುಧರ ಕೂತಲ್ಲಿಂದ ಎದ್ದಿದ್ದ. “ಅವನು ಕೇಳಿದ್ದರಲ್ಲಿ ತಪ್ಪೇನಿದೆ ಗುರುಗಳೇ? ಕಲಿಸದೆ ಇದ್ದದ್ದನ್ನು ಎಲ್ಲಿಂದ ತರುತ್ತಾನೆ? ಅವನೂ ಮೋಸ ಹೋದವನೇ, ಉಳಿದವರೂ ಮೋಸ ಹೋದವರೇ. ಕುತ್ತಿಗೆ ಹಿಡಿದು ಕೇಳಬೇಕಾದದ್ದು ಆ ಶಾಲೆಯನ್ನು!”

ಗುರುಗಳು ಅವನ ಮುಖ ನೋಡಿ ಹೇಳಿದರು:

“ಮೊಳೆ ಕಾಣುವವರೆಗೆ ಅವರು ಆ ಶಾಲೆಯಲ್ಲಿ ಓದುತ್ತಿದ್ದರು, ಮರುದಿನ ಬಂದು ಕೂತರಲ್ಲ, ಅಲ್ಲಿಂದ ಅವರೇ ಆ ಶಾಲೆ.”